ಇಲಿಗಳ ಕೊಠಡಿಯ ಮೇಲ್ವಿಚಾರಕ

ಫೆಬ್ರವರಿ ೩, ಸೋಮವಾರ

ಸಂಶೋಧನಾಲಯದವರು ನನ್ನನ್ನು ತಮ್ಮ ಪ್ರಾಣಿಹಿತ ಸಮಿತಿಗೆ ಸೇರಿಸಿಕೊಂಡದ್ದು ಏಕೆಂದು ಇಂದು ಸ್ಪಷ್ಟವಾಯಿತು. ಹೊರಗಿನ ಸದಸ್ಯನೊಬ್ಬ ಇರಲೇಬೇಕೆಂಬ ನಿಯಮವಿದೆ. ವಿಜ್ಞಾನ ತಿಳಿಯದ, ನಿವೃತ್ತನಾದ, ಕರೆದಾಗ ಬರುವ, ಕೊಟ್ಟ ಚಹಾ ಕುಡಿದು ಸಹಿ ಹಾಕುವ ಮುದುಕನೊಬ್ಬ ಅವರಿಗೆ ಬೇಕಾಗಿದ್ದ. ಮೊದಲ ಮೂರು ಗುಣಗಳು ನನ್ನಲ್ಲಿವೆ. ನಾಲ್ಕನೆಯದರ ವಿಷಯದಲ್ಲಿ ಅವರು ಮೋಸಹೋಗಿದ್ದಾರೆ.

ಇಲಿಗಳ ಕೊಠಡಿ ನೆಲಮಾಳಿಗೆಯಲ್ಲಿದೆ, ಕಿಟಕಿಯಿಲ್ಲ. ಮುಂಗೋಣೆಯಲ್ಲಿ ಚಪ್ಪಲಿ ಕಳಚಿ, ಕಾಗದದಂಥ ನಿಲುವಂಗಿ ತೊಟ್ಟು, ತಲೆಗೆ ಟೊಪ್ಪಿ ಏರಿಸಿಕೊಂಡು ಗಾಜಿನ ಬಾಗಿಲು ದಾಟಬೇಕು. ಒಳಗೆ ಗೋಡೆಯುದ್ದಕ್ಕೂ ಪಾರದರ್ಶಕ ಪೆಟ್ಟಿಗೆಗಳು, ಅವುಗಳಲ್ಲಿ ಮರದ ಹೊಟ್ಟಿನ ಮೇಲೆ ಇಲಿಗಳು. ಪ್ರಯೋಗಾಲಯದ ಇಲಿಯೆಂದರೆ ಬಿಳಿಯದೆಂದು ಭಾವಿಸಿದ್ದೆ. ಇವು ಕಪ್ಪು.

ಅಳತೆಯ ಕೆಲಸ ಒಬ್ಬ ಸಂಶೋಧಕಿಯದು. ನನ್ನ ಕೊನೆಯ ತಂಡದ ವಿದ್ಯಾರ್ಥಿಗಳ ವಯಸ್ಸು ಆಕೆಗೆ.

"ಇವೆಲ್ಲ ಒಡಹುಟ್ಟಿದವು ಸಾರ್. ಅರ್ಧದಷ್ಟರಲ್ಲಿ ಒಂದು ಜೀನ್ ಇಲ್ಲ. ಅದಿಲ್ದಿದ್ರೆ ರಕ್ತದೊತ್ತಡ ಕಮ್ಮಿ ಇರುತ್ತಾ, ಹೃದಯ ನಿಧಾನ ಬಡಿಯುತ್ತಾ ಅಂತ ನೋಡ್ತಿದೀವಿ. ಇದುವರೆಗೂ ಕಮ್ಮಿನೇ ಬಂದಿದೆಯಂತೆ, ಗುಂಪಿನ ಲೆಕ್ಕ ನಮ್ಮ ಪಶುವೈದ್ಯರದು."

ಅಳೆಯುವ ಕ್ರಮವನ್ನೂ ವಿವರಿಸಿದಳು. ಇಲಿಯನ್ನು ಕಿರಿದಾದ ಕೊಳವೆಯೊಳಗೆ ಬಿಟ್ಟು ಬೆಚ್ಚಗಿನ ಹಲಗೆಯ ಮೇಲಿಡುತ್ತಾರೆ. ಹೊರಗುಳಿದ ಬಾಲದ ಬುಡಕ್ಕೆ ಉಂಗುರದಂಥ ಪಟ್ಟಿ. ಅದು ಉಬ್ಬಿ ರಕ್ತವನ್ನು ತಡೆದು ಮತ್ತೆ ಬಿಡುತ್ತದೆ. ವೈದ್ಯರು ನಮ್ಮ ತೋಳಿಗೆ ಕಟ್ಟುವ ಪಟ್ಟಿಯ ಮರಿಯೆನ್ನಬಹುದು. ಕೆಲವು ಇಲಿಗಳ ಚರ್ಮದಡಿ ಗುಂಡಿಯಷ್ಟು ಸಣ್ಣ ಯಂತ್ರವನ್ನೇ ಹೂತಿಟ್ಟಿದ್ದಾರೆ. ಅವುಗಳ ಎದೆಬಡಿತ ಸದಾಕಾಲ ಮುಂಗೋಣೆಯ ಪರದೆಯ ಮೇಲೆ ಗೆರೆಯಾಗಿ ಹರಿಯುತ್ತಿರುತ್ತದೆ.

"ತಿಂಗಳ ಕೊನೆಗೆ ಇವಕ್ಕೆ ವಯಸ್ಸು ಮೀರುತ್ತೆ. ಅಷ್ಟರೊಳಗೆ ಅಳತೆ ಮುಗೀಬೇಕು. ಆಮೇಲೆ ಕೊಂದು ಹೃದಯ ತೂಗ್ತೀವಿ," ಎಂದಳು. ದನಿ ತಗ್ಗಿಸಲಿಲ್ಲ.

ಆಕೆಯ ಅರ್ಜಿಯಲ್ಲಿ ನಾಲ್ಕು ಕಡೆ ಕ್ರಿಯಾಪದ ಕರ್ತೃವಿಗೆ ಹೊಂದಿರಲಿಲ್ಲ. ತೋರಿಸಿದೆ. "ಸರಿ ಮಾಡ್ತೀನಿ ಸಾರ್" ಎಂದು ತಕ್ಷಣ ಒಪ್ಪಿಕೊಂಡಳು. ಇಷ್ಟು ಬೇಗ ಒಪ್ಪಿಕೊಳ್ಳುವವರನ್ನು ನಾನು ನಂಬುವುದಿಲ್ಲ.

ಫೆಬ್ರವರಿ ೬, ಗುರುವಾರ

ಮುನ್ಸೂಚನೆ ಕೊಡದೆ ಹೋದೆ. ಅಳತೆ ಆಗತಾನೇ ಶುರುವಾಗಿತ್ತು. ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಣೆ ಮಾಡುವ ಕ್ರಮವನ್ನು ಯಾರೂ ನನಗೆ ಕಲಿಸಬೇಕಾಗಿಲ್ಲ: ಮಾತಾಡಬಾರದು, ಕೂರಬಾರದು, ಕೈ ಬೆನ್ನಹಿಂದೆ ಕಟ್ಟಿ ಸಾಲುಗಳ ನಡುವೆ ಅಡ್ಡಾಡುತ್ತಿರಬೇಕು, ಸಂಶಯ ಬಂದವರ ಬೆನ್ನಹಿಂದೆ ನಿಂತು ಒಮ್ಮೆ ಕೆಮ್ಮಬೇಕು. ಹಾಗೆಯೇ ಮಾಡಿದೆ.

ಫಲ ಕೂಡಲೇ ಕಂಡಿತು. ಒಂದಾದ ಮೇಲೊಂದು ಅಳತೆ ಮೇಲಕ್ಕೇ ಹೋಯಿತು.

"ಇವತ್ತು ಯಾಕೋ ಜಾಸ್ತಿ ಬರ್ತಿದೆ ಸಾರ್," ಎಂದು ಆಕೆ ತೋಳಿನಿಂದ ಹಣೆಯೊರೆಸಿಕೊಂಡಳು.

"ಯಾಕೋ ಎನ್ನುವುದು ಕಾರಣವಲ್ಲ," ಎಂದೆ.

ಯಾವ ಇಲಿಯಲ್ಲಿ ಜೀನ್ ಇಲ್ಲವೆಂಬುದು ಅಳೆಯುವವಳಿಗೆ ತಿಳಿಯಬಾರದೆಂಬ ಏರ್ಪಾಡಿದೆ. ಅದು ಇಲ್ಲಿನ ಪಶುವೈದ್ಯನಿಗೆ ಮಾತ್ರ ಗೊತ್ತು. ಸದಾ ನಗುತ್ತಿರುವ ಮನುಷ್ಯ. ಸಂಜೆ ಅವನನ್ನು ಕೇಳಿದೆ. ಇಂದಿನ ಅಳತೆಯಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಇಲ್ಲವಂತೆ. ಎಲ್ಲವೂ ಒಂದೇ ಸಮನೆ ಎತ್ತರ. "ಒಂದೊಂದ್ ದಿನ ಹೀಗಾಗುತ್ತೆ ಬಿಡಿ ಮೇಷ್ಟ್ರೇ," ಎಂದು ನಕ್ಕ. ಅವನೂ ಆಕೆಯೂ ಮಧ್ಯಾಹ್ನ ಒಂದೇ ಮೇಜಿನಲ್ಲಿ ಉಣ್ಣುವುದನ್ನು ನಾನು ಗಮನಿಸಿದ್ದೇನೆ.

ಮೇಲ್ವಿಚಾರಕನಿಲ್ಲದ ದಿನ ಉತ್ತಮ ಅಂಕ, ಇದ್ದ ದಿನ ಅನುತ್ತೀರ್ಣ. ಇದರ ಅರ್ಥವೇನೆಂದು ನನ್ನ ವೃತ್ತಿಯವರಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಫೆಬ್ರವರಿ ೭, ಶುಕ್ರವಾರ

ಅಡುಗೆಮನೆಗೆ ಹೋಗಿ ನನ್ನಾಕೆಗೆ ವಿಷಯವನ್ನು ಆಮೂಲಾಗ್ರ ವಿವರಿಸುತ್ತಿದ್ದೆ. ಆಕೆ ಸೌಟು ಕೆಳಗಿಟ್ಟು ತಿರುಗಿದಳು.

"ರೀ, ಹಿಂದೆ ಬಂದು ನಿಂತ್ಕೋಬೇಡಿ ಅಂತ ಎಷ್ಟು ಸಲ ಹೇಳೋದು? ಉಪ್ಪು ಹಾಕಿದ್ನೋ ಇಲ್ವೋ ಮರೆತೇಹೋಯ್ತು."

"ನಾನು ನಿಂತದ್ದಕ್ಕೂ ನೀನು ಮರೆತದ್ದಕ್ಕೂ ಏನು ಸಂಬಂಧ?"

"ಸಂಬಂಧ ಏನೂ ಇಲ್ಲಪ್ಪ. ಊಟ ಮಾಡುವಾಗ ಗೊತ್ತಾಗುತ್ತೆ."

ಉಪ್ಪು ಎರಡು ಬಾರಿ ಬಿದ್ದಿತ್ತು. ಬೇಕೆಂದೇ ಮಾಡಿದಳೋ ಏನೋ.

ಮೊಣಕಾಲಿಗೆ ಮುಲಾಮು ಹಚ್ಚಿಕೊಂಡು ಸಮಿತಿಗೆ ದೂರು ಬರೆಯಲು ಕುಳಿತೆ. ಮೂರು ಬಾರಿ ತಿದ್ದಿದೆ. ಕೊನೆಯ ವಾಕ್ಯ ತೃಪ್ತಿಕರವಾಗಿದೆ: "ಯಂತ್ರದ ಕಣ್ಣನ್ನಾಗಲಿ, ಸಂಸ್ಥೆಯ ನೌಕರರ ಮಾತನ್ನಾಗಲಿ ಸಾಕ್ಷ್ಯವೆಂದು ಪರಿಗಣಿಸದೆ, ಸಮಿತಿಯ ಹೊರಗಿನ ಸದಸ್ಯನು ಖುದ್ದಾಗಿ ಕೊಠಡಿಯಲ್ಲಿದ್ದು ನೋಡಿದ ಅಳತೆಗಳನ್ನು ಮಾತ್ರ ಅಂಗೀಕರಿಸತಕ್ಕದ್ದು, ತಪ್ಪಿದಲ್ಲಿ ಅಧ್ಯಯನವನ್ನು ಮುಚ್ಚತಕ್ಕದ್ದು." ಇದರಲ್ಲಿ ನುಸುಳಲು ಯಾರಿಗೂ ಸಂದಿಯಿಲ್ಲ.

ಫೆಬ್ರವರಿ ೧೦, ಸೋಮವಾರ

ದೂರು ಕೊಟ್ಟೆ. ಸಮಿತಿಯ ಅಧ್ಯಕ್ಷರು ಓದಿ, ಕನ್ನಡಕ ತೆಗೆದು, "ಬಹಳ ಗಟ್ಟಿಯಾಗಿದೆ ಮೇಷ್ಟ್ರೇ," ಎಂದರು. ಹೊಗಳಿಕೆಯೋ ಬೇರೇನೋ ತಿಳಿಯಲಿಲ್ಲ.

ಫೆಬ್ರವರಿ ೧೨, ಬುಧವಾರ

ಇಂದಿನದನ್ನು ನಡೆದ ಕ್ರಮದಲ್ಲಿಯೇ ಬರೆಯಬೇಕು.

ಸಂಶೋಧಕಿ ಮುಂಗೋಣೆಯಲ್ಲಿ ಕಾಯುತ್ತಿದ್ದಳು. ನಮಸ್ಕಾರ ಹೇಳಲಿಲ್ಲ.

"ನಾನು ಅಳತೆಯಲ್ಲಿ ಕಳ್ಳತನ ಮಾಡಿದ್ದೀನಿ ಅಂತ ಬರೆದಿದ್ದೀರಂತೆ."

"ಕಳ್ಳತನ ಎಂದು ಬರೆದಿಲ್ಲ. ಅಳತೆಗಳ ಪ್ರಾಮಾಣಿಕತೆ ಸಂದೇಹಾಸ್ಪದ ಎಂದು ಬರೆದಿದ್ದೇನೆ."

"ಅದನ್ನೇ ಸಾರ್ ನಾವು ಕಳ್ಳತನ ಅನ್ನೋದು." ಆಕೆ ಪರದೆಯತ್ತ ತಿರುಗಿದಳು. "ಅಳತೆ ಒಪ್ಪಲಿಲ್ಲ ಅಂದ್ರೆ ಈ ತಿಂಗಳಿಗೆ ನನ್ನ ಕೆಲಸ ಮುಗೀತು. ಅದು ಹಾಳಾಗ್ಲಿ, ಇಷ್ಟೂ ಇಲಿಗಳು ಸುಮ್ನೆ ಸಾಯ್ತವೆ. ಯಾರಿಗೂ ಏನೂ ಗೊತ್ತಾಗದೆ ಸಾಯ್ತವೆ. ಬನ್ನಿ, ಇಲ್ಲಿ ನೋಡಿ."

ಚರ್ಮದಡಿ ಯಂತ್ರವಿರುವ ಇಲಿಯೊಂದರ ಎದೆಬಡಿತ ಪರದೆಯ ಮೇಲೆ ಹರಿಯುತ್ತಿತ್ತು. ಇಲಿ ಮಲಗಿತ್ತು, ನಿಮಿಷಕ್ಕೆ ಐನೂರರ ಆಸುಪಾಸು. ಇಲಿಗೆ ಅದು ನೆಮ್ಮದಿಯ ವೇಗವಂತೆ. ಪಶುವೈದ್ಯನನ್ನು ಒಳಗೆ ಕಳಿಸಿದಳು. ಗೆರೆ ಕೊಂಚ ಏರಿ ಇಳಿಯಿತು.

"ಈಗ ನೀವು ಹೋಗಿ. ಆವತ್ತು ಹೇಗೆ ನಿಂತಿದ್ರೋ ಹಾಗೇ ನಿಲ್ಲಿ."

ಹೋದೆ. ಗಾಜಿನಾಚೆ ಪರದೆಯನ್ನು ನನ್ನ ಕಡೆಗೆ ತಿರುಗಿಸಿದ್ದಳು. ಸಂಖ್ಯೆ ಏರುತ್ತಿರುವುದು ಕಾಣುತ್ತಿತ್ತು. ಐನೂರ ಐವತ್ತು, ಆರುನೂರು. ಉಸಿರು ಬಿಗಿಹಿಡಿದೆ. ಆರುನೂರ ಎಂಬತ್ತು. ಗಂಟಲು ಕೆರೆಯಿತು, ಕೆಮ್ಮಿದೆ. ಏಳುನೂರು ದಾಟಿತು. ಇಲಿ ಪೆಟ್ಟಿಗೆಯ ಮೂಲೆಗೆ ಬೆನ್ನು ಒತ್ತಿ ನಿಂತಿತ್ತು.

ಹೊರಗೆ ಬಂದೆ. ಗೆರೆ ಇಳಿಯಲು ಬಹಳ ಹೊತ್ತು ಹಿಡಿಯಿತು.

ಸುಲಭವಾಗಿ ನಂಬುವವನಲ್ಲ ನಾನು. ಆಕೆಯನ್ನು ಯಂತ್ರದಿಂದ ದೂರ ನಿಲ್ಲಿಸಿದೆ. ಕೈಗಳನ್ನು ಎದುರಿಗೆ ಹಿಡಿಯಲು ಹೇಳಿದೆ. ಬೇರೆ ಇಲಿಯನ್ನು ನಾನೇ ಆರಿಸಿದೆ. ಮತ್ತೆ ಹೋದೆ, ಮತ್ತೆ ಬಂದೆ. ಪ್ರತಿ ಸಲವೂ ಅದೇ.

"ಸಾಕು ಬಿಡಿ ಮೇಷ್ಟ್ರೇ," ಎಂದ ಪಶುವೈದ್ಯ. ಮೊದಲ ಬಾರಿಗೆ ಅವನು ನಗುತ್ತಿರಲಿಲ್ಲ. "ಪಾಪ, ಅದರ ಎದೆ ಒಡೆದುಹೋದೀತು."

"ನಾನೇನು ಹುಲಿಯೇ?" ಎಂದೆ.

"ನನ್ನನ್ನ ಕೇಳಬೇಡಿ ಸಾರ್," ಎಂದಳು ಸಂಶೋಧಕಿ. "ಪರದೇನ ಕೇಳಿ. ಮುಲಾಮಿನ ವಾಸನೆ, ಹೊಸ ಗಂಡಸಿನ ವಾಸನೆ, ಹಿಂದೆ ನಿಲ್ಲೋದು, ಆ ಕೆಮ್ಮು. ಆವತ್ತೇ ನಂಗೆ ಅನ್ನಿಸಿತ್ತು."

"ಅಂದೇ ಏಕೆ ಹೇಳಲಿಲ್ಲ?"

"ನೀವು ಹಿಂದೆ ನಿಂತಿದ್ರಿ."

ಆಕೆಗೂ ಪಶುವೈದ್ಯನಿಗೂ ಒಳಸಂಚಿರಬಹುದು. ಆದರೆ ಇಲಿಗಳಿಗೆ ಯಾರೂ ಹೇಳಿಕೊಟ್ಟಿರಲಾರರು. ಅಳತೆ ತಪ್ಪಾಗಿರಲಿಲ್ಲ, ಅಳೆಯುವ ಹೊತ್ತಿನಲ್ಲಿ ಕೊಠಡಿಯಲ್ಲಿ ಒಬ್ಬರು ಹೆಚ್ಚಾಗಿದ್ದರು.

ಫೆಬ್ರವರಿ ೧೩, ಗುರುವಾರ

ದೂರನ್ನು ಹಿಂತೆಗೆದುಕೊಳ್ಳಲು ಅಧ್ಯಕ್ಷರ ಬಳಿಗೆ ಹೋದೆ.

"ಅಯ್ಯೋ ಮೇಷ್ಟ್ರೇ, ನಿಮ್ಮ ಷರತ್ತನ್ನೇ ಅಕ್ಷರ ಬಿಡದೆ ನಿರ್ಣಯ ಮಾಡಿ ಮೇಲಕ್ಕೆ ಕಳಿಸಾಯ್ತು. ಎಷ್ಟು ಚೆನ್ನಾಗಿ ಬರೆದಿದ್ರಿ! ಒಂದು ಪದ ಮುಟ್ಟೋ ಹಾಗಿರ್ಲಿಲ್ಲ."

"ಕ್ಯಾಮೆರಾ ಇಡಬಹುದಲ್ಲ?"

"ಯಂತ್ರದ ಕಣ್ಣು ಬೇಡ ಅಂದೋರು ನೀವೇ."

"ಪಶುವೈದ್ಯರು ನೋಡಲಿ."

"ನೌಕರರು. ಅದೂ ಬೇಡ ಅಂದಿದ್ದೀರಿ. ಹೊರಗಿನ ಸದಸ್ಯ ಅಂತ ಇರೋದು ನೀವೊಬ್ಬರೇ. ನೀವು ಒಳಗೆ ಕೂತು ನೋಡಿದ ಅಳತೆ ಬೇಕು. ಇಲ್ಲಾಂದ್ರೆ ತಿಂಗಳ ಕೊನೆಗೆ ಮುಚ್ಚೋದೇ."

ಅಲ್ಲೇ ಕುಳಿತು ನನ್ನ ವಾಕ್ಯವನ್ನು ಮತ್ತೆ ಮತ್ತೆ ಓದಿದೆ. ಎಲ್ಲಿಯೂ ಸಡಿಲವಿಲ್ಲ. ನನಗೇ ಅದನ್ನು ಬಿಚ್ಚಲಾಗಲಿಲ್ಲ.

ಕೆಳಗಿಳಿದು ಸಂಶೋಧಕಿಗೆ ತಿಳಿಸಿದೆ. ಆಕೆ ಪೆಟ್ಟಿಗೆಗಳ ಸಾಲನ್ನು ಒಮ್ಮೆ ನೋಡಿ ಬಂದಳು. ಆಮೇಲೆ, "ಹಾಗಾದ್ರೆ ದಿನಾ ಬನ್ನಿ. ಅವು ನಿಮಗೆ ಒಗ್ಗಿಕೊಳ್ಳೋ ತನಕ ಸುಮ್ನೆ ಕೂತ್ಕೊಳ್ಳಿ," ಎಂದಳು. ಮುಲಾಮು ಕೂಡದು. ಘಮಘಮಿಸುವ ಸೋಪು ಕೂಡದು. ನಿಲ್ಲಕೂಡದು, ಕೆಮ್ಮಕೂಡದು. "ಇನ್ನೊಂದು, ನಿಮ್ಮದೊಂದು ಹಳೇ ಬನಿಯನ್ ಬೇಕು ಸಾರ್. ಹಾಕಿಕೊಂಡಿದ್ದು, ಒಗೆಯದೇ ಇರೋದು. ತುಂಡು ಮಾಡಿ ಪೆಟ್ಟಿಗೆಗಳಿಗೆ ಹಾಕ್ತೀನಿ. ವಾಸನೆ ಪರಿಚಯ ಆಗಲಿ."

ಇದು ಅಪಹಾಸ್ಯವೆಂದೇ ನನ್ನ ಅನುಮಾನ.

ಫೆಬ್ರವರಿ ೧೪, ಶುಕ್ರವಾರ

ಬನಿಯನ್ನು ಕಾಗದದಲ್ಲಿ ಸುತ್ತುತ್ತಿರುವಾಗ ನನ್ನಾಕೆ ಹಿಡಿದುಬಿಟ್ಟಳು. ವಿಧಿಯಿಲ್ಲದೆ ಹೇಳಿದೆ. ನಕ್ಕು ನಕ್ಕು ಗೋಡೆಗೆ ಒರಗಿದಳು.

"ಇಷ್ಟು ವರ್ಷದಲ್ಲಿ ನಾನೇ ಒಗ್ಗಿಕೊಂಡಿಲ್ವಾ, ಇಲಿ ಒಗ್ಗಿಕೊಳ್ಳಲ್ವಾ? ಹೋಗಿ ಬನ್ನಿ."

ಈ ಮಾತಿನಲ್ಲಿ ಏನೋ ಅಡಗಿದೆ. ಬಿಡುವಾದಾಗ ವಿಚಾರಿಸಬೇಕು.

ಫೆಬ್ರವರಿ ೧೭, ಸೋಮವಾರ

ಮೋಟು ಸ್ಟೂಲಿನ ಮೇಲೆ, ಮೂಲೆಯಲ್ಲಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಸುಮ್ಮನೆ ಕೂರುವುದು ಇಷ್ಟು ಶ್ರಮದ ಕೆಲಸವೆಂದು ತಿಳಿದಿರಲಿಲ್ಲ. ಮುಲಾಮಿಲ್ಲದೆ ಮೊಣಕಾಲು ಕತ್ತರಿಸಿದಂತೆ ನೋಯುತ್ತದೆ. ಕೆಮ್ಮು ಬಂದಾಗಲೆಲ್ಲ ನುಂಗಬೇಕು.

ಗೆರೆ ಇಡೀ ಬೆಳಗ್ಗೆ ಎತ್ತರದಲ್ಲೇ ಇತ್ತಂತೆ. "ಇತ್ತಂತೆ" ಎನ್ನಲು ಕಾರಣ, ಆಕೆ ಹೇಳಿದ್ದಷ್ಟೇ ನನಗೆ ಗೊತ್ತು. ಪರದೆಯನ್ನು ಇತ್ತ ತಿರುಗಿಸಿರಲಿಲ್ಲ. ಏಕೆ?

ಕೇಳಿದ್ದಕ್ಕೆ, "ಸಂಖ್ಯೆ ನೋಡ್ತಾ ಕೂತ್ರೆ ನೀವು ಬಿಗಿಯಾಗ್ತೀರಿ ಸಾರ್. ನೀವು ಬಿಗಿಯಾದ್ರೆ ಅವಕ್ಕೆ ಗೊತ್ತಾಗುತ್ತೆ," ಎಂದಳು. ಉತ್ತರ ತೀರ ನಯವಾಗಿದೆ.

ಫೆಬ್ರವರಿ ೨೦, ಗುರುವಾರ

ಬನಿಯನ್ನಿನ ತುಂಡುಗಳನ್ನು ಇಲಿಗಳು ಎಳೆ ಎಳೆಯಾಗಿ ಹರಿದು ಗೂಡು ಕಟ್ಟಿಕೊಂಡಿವೆ. ಇನ್ನೂ ಕೆಲವು ತಿಂಗಳು ತೊಡಬಹುದಾಗಿದ್ದ ಬನಿಯನ್ನು. ಒಂದು ಇಲಿ ಅದರೊಳಗೆ ಮೂತಿ ಹುದುಗಿಸಿ ಮಲಗಿದ್ದನ್ನು ಬಹಳ ಹೊತ್ತು ನೋಡಿದೆ. ತಪಾಸಣೆಗಾಗಿ.

ಎತ್ತುವ ಕ್ರಮವನ್ನೂ ಕಲಿಸಿದಳು. ಬಾಲ ಹಿಡಿದು ಎತ್ತಬಾರದು. ಪೆಟ್ಟಿಗೆಯಲ್ಲಿ ರಟ್ಟಿನ ಕೊಳವೆಯನ್ನಿಟ್ಟು, ಇಲಿ ತಾನಾಗಿ ಅದರೊಳಗೆ ಬಂದ ಮೇಲೆ ಅಂಗೈಗೆ ಇಳಿಸಿಕೊಳ್ಳಬೇಕು. ಇಳಿಸಿಕೊಂಡೆ. ಭಾರವೇ ಇಲ್ಲ. ಅದರ ಎದೆ ಬಡಿಯುವುದನ್ನು ಬಡಿತವೆನ್ನಲಾಗದು. ಬಿಡಿ ಬಿಡಿಯಾಗಿ ತಿಳಿಯುವುದಿಲ್ಲ. ನಡುಕವೆನ್ನೋಣವೆಂದರೆ ಅದೂ ನಿಖರವಲ್ಲ. ಸರಿಯಾದ ಪದ ಸಿಗಲಿಲ್ಲ.

ಸಂಜೆ ಮೊಣಕಾಲಿನ ನೋವಿಗೆ ನಿಲ್ಲಲಾರದೆ ಅಡುಗೆಮನೆಯ ಮಣೆಯ ಮೇಲೆ ಕುಳಿತೆ. ದಿನವೆಲ್ಲ ಬಾಯಿ ಮುಚ್ಚಿದ್ದ ಅಭ್ಯಾಸಕ್ಕೆ ಮಾತೂ ಬರಲಿಲ್ಲ. ನನ್ನಾಕೆ ಕಾಯಿ ಹೆಚ್ಚುತ್ತ, ಚಿಕ್ಕವಳಿದ್ದಾಗ ಈಜು ಕಲಿಯಬೇಕೆಂದು ಮನೆಯವರಿಗೆ ಸುಳ್ಳು ಹೇಳಿ ಹೊಳೆಗೆ ಹೋಗುತ್ತಿದ್ದ ಕಥೆ ಶುರುಮಾಡಿದಳು. ಒಂದು ಸಲ ಮುಳುಗಿಯೇ ಹೋಗಿದ್ದಳಂತೆ. ಗೆಳತಿ ಜಡೆ ಹಿಡಿದು ಎಳೆದಳಂತೆ. ಇದನ್ನು ಇಷ್ಟು ವರ್ಷ ನನಗೇಕೆ ಹೇಳಲಿಲ್ಲ? ಏನನ್ನೋ ಕೇಳುವುದಕ್ಕೆ ಪೀಠಿಕೆಯಿರಬೇಕೆಂದು ಕಾದೆ. ಏನೂ ಕೇಳಲಿಲ್ಲ. ನಡುವೆ ಎರಡು ಕಡೆ ಕ್ರಿಯಾಪದದ ಕಾಲವನ್ನು ತಪ್ಪಾಗಿ ಬಳಸಿದಳು, ತಿದ್ದುವುದು ಮರೆತುಹೋಯಿತು.

ಫೆಬ್ರವರಿ ೨೪, ಸೋಮವಾರ

ಎಲ್ಲ ಕೆಟ್ಟಿತು.

ಗೆರೆ ಸಾಕಷ್ಟು ಇಳಿದಿತ್ತಂತೆ. ನಾಳೆಯೇ ಅಳೆಯೋಣವೆಂದುಕೊಂಡಿದ್ದಳು. ಆಗ ಯಾವನೋ ಮುಂಗೋಣೆಯ ಬಾಗಿಲನ್ನು ದಢಾರನೆ ಹಾಕಿದ. ನಾನು ರಪ್ಪನೆ ಎದ್ದು, "ಯಾರದು?" ಎಂದುಬಿಟ್ಟೆ. ತರಗತಿಯ ದನಿ. ಪೆಟ್ಟಿಗೆಗಳಲ್ಲೆಲ್ಲ ಒಮ್ಮೆಲೇ ದಡಬಡ ಸದ್ದು. ಒಂದು ಇಲಿ ಮುಚ್ಚಳಕ್ಕೆ ತಲೆ ಬಡಿದುಕೊಂಡಿತು.

ಸಂಶೋಧಕಿ ನನ್ನನ್ನು ಬೈಯಲಿಲ್ಲ. ಮುಂಗೋಣೆಗೆ ಹೋಗಿ, ನಿಲುವಂಗಿಗಳ ಗೂಟದ ಕೆಳಗಿನ ಬೆಂಚಿನ ಮೇಲೆ ಕುಳಿತು ಅತ್ತಳು. "ಇನ್ನಾಗಲ್ಲ ಸಾರ್. ಮತ್ತೆ ಮೊದಲಿಂದ ಶುರುಮಾಡೋಕೆ ಟೈಮಿಲ್ಲ. ಇನ್ನು ಈ ವಾರಕ್ಕೆ ಮುಗೀತು."

ಕಣ್ಣೀರು ನಿಜವೋ ನಟನೆಯೋ ಎಂದು ಕಂಡುಹಿಡಿಯುವ ವಿಧಾನಗಳು ನನಗೆ ಗೊತ್ತಿವೆ. ಅವುಗಳಲ್ಲಿ ಯಾವುದನ್ನೂ ಬಳಸಲಿಲ್ಲವೆಂಬುದು ಮನೆಗೆ ಬಂದ ಮೇಲೆ ನೆನಪಾಯಿತು. ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಿದ್ದೆ, ಅಷ್ಟೆ. ಆಮೇಲೆ ಮತ್ತೆ ಒಳಗೆ ಹೋಗಿ ಸಂಜೆಯ ತನಕ ಕುಳಿತೆ.

ಫೆಬ್ರವರಿ ೨೬, ಬುಧವಾರ

ಬೆಳಗ್ಗೆಯಿಂದ ಸಂಜೆಯವರೆಗೆ ಅಲ್ಲೇ. ಮಾತಿಲ್ಲ. ಬರೆಯುವುದಕ್ಕೂ ಏನಿಲ್ಲ.

ಫೆಬ್ರವರಿ ೨೭, ಗುರುವಾರ

ಬೆಳಗ್ಗೆ ಸಂಶೋಧಕಿ ಗಾಜಿನಾಚೆಯಿಂದ ಕೈಬೀಸಿದಳು. ಪರದೆ ತಿರುಗಿಸಿದಳು. ನಾನು ಒಳಗಿದ್ದೆ, ಮೂಲೆಯ ಸ್ಟೂಲಿನ ಮೇಲೆ. ಸಂಖ್ಯೆ ಐನೂರ ಚಿಲ್ಲರೆ.

ಯಂತ್ರ ಕೆಟ್ಟಿದೆಯೆಂದೇ ನನಗೆ ಅನ್ನಿಸಿತು. ಆಕೆ ಒಳಬಂದಾಗ ಹಾಗೆಂದು ಪಿಸುಗುಟ್ಟಿದೆ. ಆಕೆ ಉಕ್ಕಿನ ತಟ್ಟೆಗೆ ಬೆರಳುಗಂಟಿನಿಂದ ಒಮ್ಮೆ ಕುಟ್ಟಿದಳು. ಗೆರೆ ಚಿಮ್ಮಿತು. ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯಿತು. ಯಂತ್ರ ಸರಿಯಾಗಿದೆ.

"ಇನ್ನೂ ಅನುಮಾನಾನಾ ಸಾರ್?"

"ಇನ್ನೊಮ್ಮೆ ಕುಟ್ಟಿ," ಎಂದೆ.

ಕುಟ್ಟಿದಳು. ಚಿಮ್ಮಿ ಇಳಿಯಿತು.

ದಿನವಿಡೀ ಅಳೆದಳು. ಒಂದೊಂದೇ ಇಲಿ ಕೊಳವೆಗೆ ಹೋಯಿತು, ಬಾಲದ ಪಟ್ಟಿ ಉಬ್ಬಿತು, ಇಳಿಯಿತು. ಕೆಲವನ್ನು ಪೆಟ್ಟಿಗೆಯಿಂದ ನಾನೇ ಕೊಳವೆಗೆ ದಾಟಿಸಿದೆ. ಸಂಜೆ ಪಶುವೈದ್ಯ ನನ್ನೆದುರೇ ಗುಂಪುಗಳನ್ನು ಬೇರ್ಪಡಿಸಿದ. ಜೀನ್ ಇಲ್ಲದವು ಕೆಳಗೆ, ಉಳಿದವು ಮೇಲೆ. ನಡುವೆ ಎದ್ದು ಕಾಣುವಷ್ಟು ಅಂತರ. ನಾನು ಬರುವುದಕ್ಕೆ ಮೊದಲು ಆಕೆ ಅಳೆದಾಗ ಏನಿತ್ತೋ ಅದೇ. ಅವನ ಕೂಡಿಕೆಯನ್ನು ನಾನೂ ಒಮ್ಮೆ ಕೂಡಿ ನೋಡಿದೆ. ಸರಿಯಾಗಿತ್ತು.

ಸಾಕ್ಷಿಯಾಗಿ ಸಹಿ ಹಾಕಿದೆ. ಅಧ್ಯಕ್ಷರು ಒಪ್ಪಿದರು. ಸಂಶೋಧಕಿಯ ಕೆಲಸ ಉಳಿಯಿತು. ನಡಾವಳಿಯಲ್ಲಿ ಒಂದು ವಾಕ್ಯ ಸೇರಿಸಬೇಕೆಂದು ನಾನು ಪಟ್ಟುಹಿಡಿದೆ: "ಫೆಬ್ರವರಿ ಆರರಂದು ಅಳತೆಗಳು ಏರಿದ್ದಕ್ಕೆ ಹೊರಗಿನ ಸದಸ್ಯನ ಉಪಸ್ಥಿತಿಯೇ ಕಾರಣ." ಅಧ್ಯಕ್ಷರು, "ಅದೆಲ್ಲ ಯಾಕೆ ಮೇಷ್ಟ್ರೇ," ಎಂದರು. ಅವರು ಏನನ್ನೋ ಮುಚ್ಚಿಡಲು ನೋಡುತ್ತಿರಬಹುದು. ಸೇರಿಸಿಯೇ ಎದ್ದೆ.

ಮಾರ್ಚ್ ೩, ಸೋಮವಾರ

ಇಂದು ಹೃದಯ ತೂಗುವ ದಿನ. ಇದಕ್ಕೆ ಹೊರಗಿನ ಸದಸ್ಯನ ಸಾಕ್ಷಿ ಬೇಕಿಲ್ಲ. ಪಶುವೈದ್ಯ ಅವಸರ ಮಾಡಿಯಾನೆಂಬ ಅನುಮಾನದಿಂದ ಹೋದೆ.

ಸಂಶೋಧಕಿ ನನಗೊಂದು ನಿಲುವಂಗಿ ಕೊಟ್ಟಳು. "ನೀವೇ ತಂದುಕೊಟ್ಟರೆ ಒಳ್ಳೇದು ಸಾರ್. ಭಯ ಬೀಳಲ್ಲ."

ನಿದ್ದೆಯ ಅನಿಲದ ಡಬ್ಬಿ ಮೇಜಿನ ಮೇಲಿತ್ತು. ಒಂದೊಂದನ್ನೇ ಅಂಗೈಯಲ್ಲಿ ತಂದೆ. ಯಾವುದನ್ನೂ ಎಳೆಯಬೇಕಾಗಲಿಲ್ಲ, ಕೈಯನ್ನು ಡಬ್ಬಿಯ ಬಾಯಿಗೆ ಹಿಡಿದರೆ, ಮೂತಿಯಾಡಿಸಿ ಮೂಸಿ, ತಾನಾಗಿಯೇ ಇಳಿದು ಹೋಗುತ್ತಿತ್ತು.

ಪಶುವೈದ್ಯ ಅವಸರ ಮಾಡಲಿಲ್ಲ.

ಮನೆಗೆ ಬಂದು ಜಗಲಿಯ ಮೇಲೆ ಕುಳಿತೆ. ನನ್ನಾಕೆ ಒಳಗಿನಿಂದ ಬಂದು ನೋಡಿ, ಏನೂ ಕೇಳದೆ ಪಕ್ಕದಲ್ಲಿ ಕುಳಿತಳು. ಏಕೆಂದು ನಾನೂ ಕೇಳಲಿಲ್ಲ.